‘ಜಂಗೀ ನಿಕಾಲಿ ಕುಸ್ತಿ’: ಈ ನಿಕಾಲಿ ಅಂದರೆ ಏನು?

ಎಲ್ಲರಿಗೂ ನಮಸ್ಕಾರ. ಬೆಳಗಾವಿ, ವಿಜಯಪುರ, ಧಾರವಾಡ ಕಡೆಯ ಹಳೇ ಪತ್ರಿಕೆಗಳಲ್ಲಿ ಹಳ್ಳಿ ಜಾತ್ರೆಯ ಸುದ್ದಿ ಓದುವುದು ನನಗೆ ತುಂಬ ಇಷ್ಟ. ತೇರು, ಬಯಲಾಟ, ಭಜನೆ, ಎತ್ತುಗಳ ತೆರಬಂಡಿ, ಕೊನೆಗೆ ಕುಸ್ತಿ. ಆ ಕುಸ್ತಿಗೆ ಮತ್ತೆ ಮತ್ತೆ ಸಿಗುವ ಹೆಸರು ‘ಜಂಗೀ ನಿಕಾಲಿ ಕುಸ್ತಿ’. ಇವತ್ತಿಗೂ ಆ ಕಡೆ ಜಾತ್ರೆ ಹ್ಯಾಂಡ್‌ಬಿಲ್‌ಗಳಲ್ಲಿ ಹೀಗೇ ಅಚ್ಚಾಗುತ್ತದೆ. ಓದುವವರು ಸುಮ್ನೆ ದಾಟಿ ಹೋಗುತ್ತಾರೆ, ನಾನೂ ಎಷ್ಟೋ ವರ್ಷ ಹಾಗೇ ದಾಟಿದ್ದೆ.

ಹಿಂದಿಯ ‘ನಿಕಾಲೋ’ ಕಿವಿಯಲ್ಲಿ ಇದ್ದುದರಿಂದ, ಎದುರಾಳಿಯನ್ನು ಕಣದಿಂದ ಆಚೆ ತಳ್ಳುವ ಕುಸ್ತಿ ಇರಬೇಕು ಅಂದುಕೊಂಡಿದ್ದೆ. ಅದು ತಪ್ಪು. ಈ ಪದ ನಮಗೆ ಬಂದಿರುವುದು ಮರಾಠಿಯಿಂದ. ಅಲ್ಲಿ ಪರೀಕ್ಷೆಯ ಫಲಿತಾಂಶಕ್ಕೂ ‘ನಿಕಾಲ’, ಕೋರ್ಟಿನ ತೀರ್ಪಿಗೂ ‘ನಿಕಾಲ’. ಹಾಗಾಗಿ ನಿಕಾಲಿ ಕುಸ್ತಿ ಅಂದರೆ ಸೋಲು ಗೆಲುವು ಇತ್ಯರ್ಥ ಆಗುವವರೆಗೂ ಬಿಡದೆ ಹಿಡಿಯುವ ಕುಸ್ತಿ. ಪಾಯಿಂಟ್ ಲೆಕ್ಕ ಇಲ್ಲ, ಒಬ್ಬನ ಬೆನ್ನು ಮಣ್ಣಿಗೆ ತಾಗಬೇಕು, ಅಷ್ಟೇ.

ಇದನ್ನು ‘ಚಿತ್’ ಜೊತೆ ಕಲಸಬಾರದು ಅಂತ ನನ್ನ ಅನಿಸಿಕೆ. ಚಿತ್ ಅನ್ನುವುದು ಬೆನ್ನು ನೆಲಕ್ಕೆ ತಾಗಿ ಬಿದ್ದ ಬಗೆ, ನಿಕಾಲಿ ಅನ್ನುವುದು ಆ ಕುಸ್ತಿಯ ಕರಾರು. ಕಣದ ಪಕ್ಕ ನಿಂತು ನೋಡಿದವರಿಗೆ ಈ ಫರಕು ಬೇಗ ಗೊತ್ತಾಗುತ್ತದೆ. ಕೆಳಗೆ ಬಿದ್ದ ಪೈಲ್ವಾನ ಬೋರಲಾಗಿ, ಎದೆ ನೆಲಕ್ಕೆ ಒತ್ತಿ, ಕೈಕಾಲು ಅಗಲಿಸಿ ಮಣ್ಣು ಕಚ್ಚಿಕೊಂಡಿರುತ್ತಾನೆ. ಮೇಲಿನವನು ಅವನ ಕುತ್ತಿಗೆಗೆ ಮೊಣಕಾಲು ಕೊಟ್ಟು, ಲಂಗೋಟದ ಅಂಚು ಹಿಡಿದು ಹೊರಳಿಸಲು ಒದ್ದಾಡುತ್ತಾನೆ. ಹಲಗೆ ಬಾರಿಸುವವರು ಏಟು ಜೋರು ಮಾಡುತ್ತಾರೆ. ಐದು ನಿಮಿಷ, ಹತ್ತು ನಿಮಿಷ ಇಬ್ಬರೂ ಕದಲುವುದಿಲ್ಲ. ಆಗ ಪಂಚರು ಬಂದು ಇಬ್ಬರ ಕೈ ಎತ್ತಿ ‘ಸಮ’ ಅಂದುಬಿಟ್ಟರೆ ಜನ ಒಪ್ಪುತ್ತಾರಾ? ನಿಕಾಲಿ ಅಂತ ಮೊದಲೇ ಅಚ್ಚು ಹಾಕಿಸುವುದು ನೋಡಲು ಬರುವ ಜನಕ್ಕೆ ಕೊಟ್ಟ ಮಾತು ಇದ್ದ ಹಾಗೆ.

ಇನ್ನು ‘ಜಂಗೀ’. ಪಾರಸಿಯ ಜಂಗ್ ಅಂದರೆ ಯುದ್ಧ, ಅದರಿಂದ ಬಂದ ಪದ. ಆದರೆ ಮರಾಠಿಯಲ್ಲಿ ಜಂಗೀ ಸಭೆ, ಜಂಗೀ ತಯಾರಿ ಅಂತಾರೆ, ಅಲ್ಲಿ ಯುದ್ಧ ಇಲ್ಲ, ದೊಡ್ಡದು, ಭಾರೀ ಅಂತ ಅಷ್ಟೇ. ಕುಸ್ತಿಯ ಹಿಂದೆ ಇರುವುದೂ ಈ ಅರ್ಥವೇ. ‘ಯುದ್ಧದಂಥ ಕುಸ್ತಿ’ ಅಂತ ಬಿಡಿಸಿದರೆ ಅರ್ಥ ಹಾಳಾಗುತ್ತದೆ.

ಈ ಪದಗಳು ನಮ್ಮ ಹಳ್ಳಿಗಳಿಗೆ ಬಂದ ದಾರಿ ಕಷ್ಟದ್ದೇನಲ್ಲ. 1956ರವರೆಗೆ ಆ ಜಿಲ್ಲೆಗಳು ಮುಂಬೈ ರಾಜ್ಯದಲ್ಲಿದ್ದವು. ಕೊಲ್ಹಾಪುರದ ತಾಲೀಮುಗಳು, ಅಂದರೆ ಗರಡಿಮನೆಗಳು, ಹತ್ತಿರ, ಅಲ್ಲಿನ ದೊರೆ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನ 1912ರಿಂದಲೂ ಅಲ್ಲಿದೆ. ಪೈಲ್ವಾನರು ಗಡಿ ನೋಡಿ ಕುಸ್ತಿ ಹಿಡಿಯಲಿಲ್ಲ, ಪದಗಳೂ ಅವರ ಜೊತೆಗೇ ಓಡಾಡಿದವು. ಹಾಗಾಗಿ ಇದನ್ನು ತೆಗೆದು ‘ನಿರ್ಣಾಯಕ ಕುಸ್ತಿ’ ಅಂತ ತಿದ್ದುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಗರಡಿಯವರ ಬಾಯಲ್ಲಿ ಇರುವ ಪದ ಇದ್ದಂತೆಯೇ ಇರಲಿ, ಅರ್ಥ ಗೊತ್ತಿಲ್ಲದವರಿಗೆ ಹೇಳಿದರೆ ಆಯ್ತು, ಅಲ್ವಾ?

ಈಗ ನನ್ನ ಪ್ರಶ್ನೆ. ಮೈಸೂರು, ಮಂಡ್ಯ ಕಡೆ ನಾಡಕುಸ್ತಿಗೆ ಜೋಡಿ ಕಟ್ಟುವಾಗ ‘ಮಾರ್ಫಿಟ್ ಕುಸ್ತಿ’ ಅಂತ ಹೇಳುತ್ತಾರೆ. ಉತ್ತರದವರ ನಿಕಾಲಿಗೂ ಇದಕ್ಕೂ ಕರಾರು ಒಂದೇನಾ, ಇಲ್ಲ ಬೇರೆಯಾ? ಮನೆಯಲ್ಲಿ, ಓಣಿಯಲ್ಲಿ ಹಳೇ ಉಸ್ತಾದರು ಇದ್ದರೆ ದಯವಿಟ್ಟು ಒಮ್ಮೆ ಕೇಳಿ ಬರೆಯಿರಿ. ಸಮ ಆದ ಕುಸ್ತಿಗೆ ನಿಮ್ಮ ಕಡೆ ಏನಂತಾರೆ ಅನ್ನುವುದನ್ನೂ ಸೇರಿಸಿ. ಅವರು ಆಡಿದ ಮಾತು ಹೇಗಿತ್ತೋ ಹಾಗೇ ಬೇಕು, ತಿದ್ದಿ ಕಳಿಸಬೇಡಿ.