ಇಕ್ಕೇರಿ ಗುಡಿಯೊಳಗೆ ಕಾಲಿಟ್ಟರೆ ಮಾತು ಯಾಕೆ ನಿಂತುಹೋಗುತ್ತದೆ?

ಅಡಿಕೆತೋಟ
ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ಇಕ್ಕೇರಿ ಅಘೋರೇಶ್ವರನ ಗುಡಿಗೆ ಹೋಗಿದ್ದೆ. ಸಾಗರದಿಂದ ಅಲ್ಲಿವರೆಗೂ ಕಾರಲ್ಲಿ ಬರೀ ಅಡಿಕೆ ರೇಟಿನ ಮಾತು. ಹೊರಗೆ ಜೋರು ಮಳೆ. ಒಳಗೆ ಹೋಗಿ ಕಂಬಗಳ ನಡುವೆ ನಿಂತಿದ್ದೇ ತಡ, ಇಬ್ಬರೂ ಸುಮ್ಮನಾದೆವು. ಅಮ್ಮ ಪಕ್ಕದ ಕಂಬಕ್ಕೆ ಅಂಗೈ ಒತ್ತಿ ಹಾಗೇ ನಿಂತುಬಿಟ್ಟಳು, ಕಣ್ಣು ತುಂಬಿತ್ತು. ನಾನು ಅಂಥ ದೈವಭಕ್ತನೇನೂ ಅಲ್ಲ, ಆದರೂ ಗಂಟಲು ಕಟ್ಟಿತು. ನಮ್ಮೂರಲ್ಲಿ ಟೈಲ್ಸ್ ಹಾಕಿ ಟ್ಯೂಬ್‌ಲೈಟ್ ಬಿಟ್ಟ ಹೊಸ ಗುಡಿಯಲ್ಲಿ ಹೀಗೆ ಯಾವತ್ತೂ ಆಗಿಲ್ಲ. ಇದು ಭಕ್ತಿನಾ, ಕಟ್ಟಡದ ಗುಣಾನಾ?

ಕಲ್ಲುಕಂಬ
ಕಟ್ಟಡದ ಕೆಲಸ ಮಾಡುವವನಾಗಿ ಹೇಳ್ತೀನಿ, ಕಟ್ಟಡದ ಪಾಲು ಜಾಸ್ತಿ. ಗುಡಿಯ ಮುಖ ಉತ್ತರಕ್ಕಿದೆ, ಗಮನಿಸಿದ್ರಾ? ಬೆಳಗಿನ ಬಿಸಿಲು ಮುಂಬಾಗಿಲಿಂದ ನೇರ ನುಗ್ಗುವುದಿಲ್ಲ, ಒಳಗೆ ಮೆತ್ತಗಿನ ಬೆಳಕು ಮಾತ್ರ. ಹೊರಗಿನಿಂದ ಬಂದ ಕಣ್ಣಿಗೆ ಆ ಕತ್ತಲು ಒಗ್ಗೋಕೆ ಕೆಲವು ನಿಮಿಷ ಬೇಕು, ಅಷ್ಟು ಹೊತ್ತು ಕಾಲು ತಾನಾಗಿ ನಿಧಾನವಾಗುತ್ತದೆ. ಕಲ್ಲು ದನಿಯನ್ನು ಹೀರಿಕೊಳ್ಳುವುದಿಲ್ಲ. ನಮ್ಮ ಮಾತು ನಮಗೇ ವಾಪಸ್ ಕೇಳಿಸಿದಾಗ ಯಾರಿಗಾದರೂ ದನಿ ತಗ್ಗುತ್ತದೆ, ಅಲ್ವಾ? ಆಮೇಲೆ ಗರ್ಭಗುಡಿಯ ಪೀಠ. ಸುತ್ತ 32 ದೇವಿಯರು ಕೂತಿರುವಷ್ಟು ದೊಡ್ಡದು. ಅದರೆದುರು ನಾವು ಸಣ್ಣವರಾಗಿಬಿಡುತ್ತೇವೆ.

ತೊಟ್ಟಿಮನೆ
ದೊಡ್ಡದು ಅನ್ನೋದೇ ಕಾರಣ ಅಂದರೆ ನಾನು ಒಪ್ಪಲ್ಲ. ತೀರ್ಥಹಳ್ಳಿ ಹತ್ತಿರ ನಮ್ಮಜ್ಜನ ಮನೆ ಇತ್ತು. ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಕತ್ತಲು, ಕಾಲಿಗೆ ತಣ್ಣನೆ ನೆಲ, ಇನ್ನೆರಡು ಹೆಜ್ಜೆ ಇಟ್ಟರೆ ಒಳ ಅಂಗಳ, ತಲೆ ಮೇಲೆ ಆಕಾಶ, ನಾಲ್ಕೂ ಕಡೆ ಸೂರಿನಿಂದ ಧಾರೆಧಾರೆಯಾಗಿ ಸುರಿಯುವ ಮಳೆ. ಆ ಮನೆ ಮಾರಿ ಎಷ್ಟೋ ವರ್ಷ ಆಯ್ತು. ಈಗಲೂ ಆ ಬಾಗಿಲು ನೆನೆದರೆ ಕುತ್ತಿಗೆ ತಾನೇ ಬಗ್ಗುತ್ತದೆ. ಕತ್ತಲಿಂದ ಬೆಳಕಿಗೆ ದಾಟುವ ಆ ಗಳಿಗೆಯಲ್ಲೇ ಎಲ್ಲ ಇದೆ, ಅಳತೆಯಲ್ಲಿ ಅಲ್ಲ.

ಕಲ್ಲುಕಂಬ
ಹೌದು, ಬಗ್ಗುವ ಮಾತು ಸರಿ. ಇಕ್ಕೇರಿಯಲ್ಲೂ ಅದೇ ಇದೆ ನೋಡಿ. ಗರ್ಭಗುಡಿಯ ಎದುರು ನೆಲದಲ್ಲಿ ಕೆಳದಿಯ ಮೂವರು ಅರಸರು ಅಡ್ಡಬಿದ್ದಂತೆ ಕೆತ್ತಿದ್ದಾರೆ. 16ನೇ ಶತಮಾನದಲ್ಲಿ ಅಷ್ಟು ದೊಡ್ಡ ಗುಡಿ ಕಟ್ಟಿಸಿದ ಮನೆತನದವರು ನಮ್ಮ ಕಾಲ ಹತ್ತಿರ ಮಲಗಿದ್ದಾರೆ. ನನಗೆ ಆ ಎತ್ತರದ ಕಂಬಗಳಿಗಿಂತ ಅದೇ ಜಾಸ್ತಿ ತಟ್ಟುತ್ತದೆ.

ಅಡಿಕೆತೋಟ
ಅಯ್ಯೋ, ಅವರನ್ನು ನಾನು ನೋಡಲೇ ಇಲ್ಲ! ಈಗ ಅಮ್ಮನನ್ನು ಕೇಳಿದೆ. "ನೋಡಿದ್ದೆ ಮಾರಾಯ, ತುಳಿದೀನು ಅಂತಾನೇ ಕಂಬದ ಕಡೆ ಸರಿದು ನಿಂತಿದ್ದು" ಅಂದಳು.