ಹೋಯಾ ಮೊಗ್ಗು ಅರಳುವ ಮೊದಲೇ ಉದುರುತ್ತಿದೆ, ಪಕ್ಕದ ಗಿಡದ್ದು ಉದುರಲ್ಲ

ಪ್ರಶ್ನೆ (ಸಕಲೇಶಪುರ):
ಪೂರ್ವದ ಜಗಲಿಯಲ್ಲಿ ಕಾರ್ನೋಸಾ, ಪ್ಯೂಬಿಕ್ಯಾಲಿಕ್ಸ್ ಅನ್ನುವ ಎರಡು ಜಾತಿಯ ಹೋಯಾ ಬಳ್ಳಿಗಳನ್ನು ಪಕ್ಕಪಕ್ಕ ನೇತುಹಾಕಿದ್ದೇನೆ. ಎರಡಕ್ಕೂ ಬೆಳಗಿನ ಎಳೆಬಿಸಿಲು ಬೀಳುತ್ತದೆ. ಪ್ಯೂಬಿಕ್ಯಾಲಿಕ್ಸ್ ಗೊಂಚಲು ಗೊಂಚಲಾಗಿ ಹೂ ಬಿಟ್ಟಿದೆ. ಕಾರ್ನೋಸಾದ ಮೊಗ್ಗು ಮಾತ್ರ ಜೀರಿಗೆ ಕಾಳಿನಷ್ಟಾಗಿ ಹಳದಿ ತಿರುಗಿ ಉದುರುತ್ತದೆ. ಪ್ಯೂಬಿಕ್ಯಾಲಿಕ್ಸ್ ತೆಂಗಿನ ಸಿಪ್ಪೆ ತುಂಡು ಮತ್ತು ಇದ್ದಿಲಿನಲ್ಲಿದೆ. ಕಾರ್ನೋಸಾ ನರ್ಸರಿಯಿಂದ ಬಂದ ಕೆಂಪು ಮಣ್ಣಿನಲ್ಲೇ ಇದೆ. ನೀರು ಎರಡಕ್ಕೂ ಒಂದೇ ದಿನ. ಮೊಗ್ಗು ಉದುರಿದ ಬೋಳು ತೊಟ್ಟನ್ನು ಕತ್ತರಿಸಲಾ?

ಉತ್ತರ (ಮೂಡಿಗೆರೆ):
ತೊಟ್ಟು ಮುಟ್ಟಬೇಡಿ! ಮುಂದಿನ ಮೊಗ್ಗು ಅದೇ ತೊಟ್ಟಿನ ತುದಿಯಲ್ಲೇ ಬರುವುದು.

ಬೆಳಕು ಒಂದೇ, ಹಾಗಾಗಿ ನನಗೆ ಅನುಮಾನ ಮಣ್ಣಿನ ಮೇಲೆ. ಹೋಯಾ ಕಾಡಿನಲ್ಲಿ ಮರದ ಮೇಲೆ ಹಬ್ಬುವ ಬಳ್ಳಿ, ಬೇರಿಗೆ ಗಾಳಿ ಆಡಬೇಕು. ಒಂದು ಹಳೇ ಎಲೆಯನ್ನು ಮೆಲ್ಲಗೆ ಬಗ್ಗಿಸಿ ನೋಡಿ, ಗಟ್ಟಿ ಇದೆಯಾ? ಬೆರಳು ಇಳಿಸಿ ಮಣ್ಣಿನ ತೇವ ನೋಡಿ. ತೊಟ್ಟಿನ ಬುಡದಲ್ಲಿ ಇರುವೆ ಇದೆಯಾ?

ಸಕಲೇಶಪುರ:
ಎಲೆ ಮೆತ್ತಗಿದೆ, ಸಣ್ಣಗೆ ಸುಕ್ಕೂ ಇದೆ. ಆದ್ರೆ ಮಣ್ಣು ಕೆಳಗೆ ಒದ್ದೆ. ಇರುವೆ ಇದೆ, ಮೊಗ್ಗಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದೂ ಇದೆ.

ಮೂಡಿಗೆರೆ:
ಹಾಗಾದರೆ ಎರಡು ತೊಂದರೆ ಒಟ್ಟಿಗೇ ಇದೆ. ಬಿಳಿಯದು ಹಿಟ್ಟು ತಿಗಣೆ, ಕಾಫಿ ಗಿಡದಲ್ಲಿ ನೋಡಿಯೇ ಇರುತ್ತೀರಿ. ಎಳೇ ಮೊಗ್ಗಿನ ರಸ ಹೀರುತ್ತದೆ. ಇರುವೆ ಬಂದಿರುವುದು ಅದು ಬಿಡುವ ಸಿಹಿ ಅಂಟಿಗೆ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಇಯರ್ ಬಡ್‌ನಿಂದ ಒಂದೊಂದೇ ಒರೆಸಿ. ಆಮೇಲೆ ವಾರಕ್ಕೊಮ್ಮೆ, ಸಂಜೆ ಹೊತ್ತು, ಸೋಪು ನೀರಿಗೆ ಬೇವಿನ ಎಣ್ಣೆ ಬೆರೆಸಿ ಎಲೆಯಡಿಗೂ ಸಿಂಪಡಿಸಿ. ಪ್ಯೂಬಿಕ್ಯಾಲಿಕ್ಸ್ ಅನ್ನು ಇವತ್ತೇ ದೂರ ಇಡಿ.

ಇದಕ್ಕಿಂತ ದೊಡ್ಡ ಚಿಂತೆ ಬೇರು. ಮಣ್ಣು ಒದ್ದೆ ಇದ್ದೂ ಎಲೆ ಸುಕ್ಕಾಗಿದೆ ಅಂದ್ರೆ ಬೇರು ಕೊಳೆತು ನೀರು ಎಳೆಯುತ್ತಿಲ್ಲ ಅಂತಲೇ ಅನಿಸುತ್ತದೆ. ಸಾಮಾನ್ಯವಾಗಿ ಮೊಗ್ಗಿರುವಾಗ ಕುಂಡ ಬದಲಿಸಬಾರದು, ಆದರೆ ಇಲ್ಲಿ ಕಾಯಬೇಡಿ. ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ ಸಿಪ್ಪೆ ತುಂಡಿಗೆ ಹಾಕಿ. ಕುಂಡ ಚಿಕ್ಕದೇ ಇರಲಿ. ಮುನ್ನೆಚ್ಚರಿಕೆಗೆ ಎರಡೆರಡು ಗಿಣ್ಣಿರುವ ಕಡ್ಡಿ ಕತ್ತರಿಸಿ, ಹಾಲು ಒಣಗಿದ ಮೇಲೆ ಬೇರೆ ನೆಡಿ. ಇದೂ ಎಕ್ಕದ ಕುಟುಂಬದ್ದೇ, ಹಾಲು ಕಣ್ಣಿಗೆ ತಾಗದಿರಲಿ.

ಇನ್ನೊಬ್ಬರು (ಹಾಸನ):
ಒಂದು ಮಾತು ಸೇರಿಸುತ್ತೇನೆ. ಎರಡನ್ನೂ ಹೋಲಿಸಿ ಕಾರ್ನೋಸಾ ಸೋಮಾರಿ ಅಂತ ತೀರ್ಮಾನಿಸಬೇಡಿ. ಪ್ಯೂಬಿಕ್ಯಾಲಿಕ್ಸ್ ಬೇಗ ಹಬ್ಬುತ್ತದೆ, ಬೇಗ ಹೂ ಕೊಡುತ್ತದೆ. ಕಾರ್ನೋಸಾ ನಿಧಾನ, ಆದರೆ ಅದರ ತಿಳಿಗುಲಾಬಿ ಹೂ ನನಗೆ ಜಾಸ್ತಿ ಇಷ್ಟ. ಸಂಜೆ ಮೇಲೆ ಪರಿಮಳ ಏರುತ್ತದೆ, ಅಲ್ವಾ? ಸಾರಜನಕ ಜಾಸ್ತಿ ಇರುವ ಗೊಬ್ಬರ ಕೊಟ್ಟರೆ ಬರೀ ಎಲೆ. ಜೂನ್‌ಗೆ ಮುಂಚೆ ಎರಡನ್ನೂ ಇರಚಲು ತಾಗದ ಕಡೆಗೆ ಸರಿಸಿ. ನಿಮ್ಮ ಕಡೆಯ ಮಳೆಗೆ ಸಿಪ್ಪೆ ತುಂಡೂ ಒಣಗುವುದಿಲ್ಲ.

ಸಕಲೇಶಪುರ:
ಕುಂಡದಿಂದ ತೆಗೆದೆ. ಅರ್ಧ ಬೇರು ಕಪ್ಪು, ಎಳೆದರೆ ಸಿಪ್ಪೆ ಕಳಚಿ ಬರುತ್ತದೆ. ಉಳಿದದ್ದು ಬಿಳಿ ಇದೆ. ಕಡ್ಡಿ ನೆಟ್ಟಿದ್ದೇನೆ, ತೊಟ್ಟು ಹಾಗೇ ಬಿಟ್ಟಿದ್ದೇನೆ.