ಸಹಾಯ ಬೇಕು: ಮೂರು ದಿನದ ಹಾಲ್ಟಿಂಗ್ ಹಣ (ಲೋಡು ಇಳಿಸಲು ಗಾಡಿ ಕಾದು ನಿಂತ ದಿನಗಳಿಗೆ ಕೊಡುವ ಹಣ) ಪಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದವನು, ಹನ್ನೊಂದು ವರ್ಷಗಳಿಂದ ಲಾರಿ ಓಡಿಸುತ್ತಿದ್ದೇನೆ. ಕಳೆದ ತಿಂಗಳು ಇಲ್ಲಿನ ಎಪಿಎಂಸಿಯಿಂದ ಟೊಮೆಟೊ ತುಂಬಿಕೊಂಡು ದೆಹಲಿಯ ಆಜಾದ್‌ಪುರ ಮಂಡಿಗೆ ಹೊರಟಾಗ, ಹಣ್ಣು ಕೆಟ್ಟರೆ ಬಾಡಿಗೆಯಲ್ಲಿ ಮುರಿದುಕೊಳ್ಳುವುದಾಗಿ ಹೇಳಿ ಟ್ರಾನ್ಸ್‌ಪೋರ್ಟ್ ಕಚೇರಿಯವರು ಗಂಟೆಗೊಮ್ಮೆ ಫೋನ್ ಮಾಡಿ ಅವಸರಪಡಿಸಿದರು. ವಾಪಸ್ ಲೋಡು ತಂದು ತುಮಕೂರಿನ ವಸಂತನರಸಾಪುರದ ಗೋದಾಮೊಂದರ ಮುಂದೆ ಮೂರು ದಿನ ನಿಂತಾಗ ಮಾತ್ರ ಅದೇ ಕಚೇರಿಯವರು ಫೋನ್ ಎತ್ತಲಿಲ್ಲ. ಗೇಟಿನ ಕಾವಲುಗಾರರು ನನ್ನ ಗಾಡಿ ನಂಬರನ್ನು ರಟ್ಟಿನ ಚೂರೊಂದರ ಮೇಲೆ ಗೀಚಿಕೊಂಡರೇ ಹೊರತು, ನಾನು ಬಂದು ತಲುಪಿದ ದಿನ ಮತ್ತು ಸಮಯವನ್ನು ಎಲ್‌ಆರ್ (ಲೋಡಿನ ಸಾಗಣೆ ರಸೀದಿ) ಪ್ರತಿಯ ಮೇಲೆ ಬರೆದು ಮೊಹರು ಹಾಕಲು ಒಪ್ಪಲಿಲ್ಲ. ಈಗ ಕಚೇರಿಯವರು ಅದನ್ನೇ ಹಿಡಿದುಕೊಂಡು, ಹಾಲ್ಟಿಂಗ್‌ಗೆ ಪುರಾವೆಯಿಲ್ಲ ಎನ್ನುತ್ತಿದ್ದಾರೆ.

ಚಾಲಕರ ದುಡಿಮೆಗೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಹಾಕಲಾಗಿತ್ತು. ಹಾಗಿರುವಾಗ, ಎರಡು ಲಾರಿ ಮುಂದೆ ಸರಿದಾಗಲೆಲ್ಲ ಎದ್ದು ಗಾಡಿ ಸರಿಸುತ್ತಾ ರಾತ್ರಿಯೆಲ್ಲ ಸರತಿಯಲ್ಲಿ ಕಾಯುವುದು ದುಡಿಮೆಯ ಲೆಕ್ಕಕ್ಕೆ ಬರುತ್ತದೆಯೇ? ಶಿರಾ ಕಡೆಯ ಟೋಲ್ ದಾಟಿದಾಗ ಮಾಲೀಕರ ಮೊಬೈಲಿಗೆ ಬಂದ ಫಾಸ್ಟ್ಯಾಗ್ ಸಂದೇಶವೂ, ಗೇಟಿನ ಮುಂದೆ ನಾನು ತೆಗೆದ ಫೋಟೊಗಳೂ ನನ್ನ ಬಳಿ ಇವೆ. ಇಷ್ಟರ ಮೇಲೆ ಹಾಲ್ಟಿಂಗ್ ಹಣ ವಸೂಲು ಮಾಡಿದವರು ಯಾರಾದರೂ ಇದ್ದರೆ, ಮೊದಲ ಅರ್ಜಿಯನ್ನು ಯಾರಿಗೆ, ಹೇಗೆ ಬರೆದಿರಿ ಎಂದು ದಯವಿಟ್ಟು ತಿಳಿಸಿ.